ಆ ಕೆಂಪು ಮಿನಿ ಬಗ್ಗೆ ದೊಡ್ಡಪ್ಪನ ಪತ್ರ

ಪ್ರೀತಿಯ ಪುಟ್ಟಿ,

ನೀನು ಕೊಳ್ಳಬೇಕು ಅಂತಿರುವ ಮಿನಿ ಕಾರಿನ ಫೋಟೋಗಳನ್ನೆಲ್ಲ ನೋಡಿದೆ. ಕೆಂಪು ಮೈ, ಬಿಳಿ ಛಾವಣಿ, ದುಂಡು ಕಣ್ಣು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟೊಂದು ಫೋಟೋಗಳಲ್ಲಿ ಬಾನೆಟ್ ಎತ್ತಿದ್ದು ಒಂದೂ ಇಲ್ಲ, ಸರ್ವಿಸ್ ಬುಕ್ಕಿನ ಒಂದು ಪುಟವೂ ಇಲ್ಲ. ಮಾರುವವನು ಕೊಡಲಿಲ್ಲವೋ, ನೀನೇ ಕೇಳಲಿಲ್ಲವೋ? ಎರಡನೆಯದೇ ಇರಬೇಕು ಅಂತ ನನ್ನ ಅನುಮಾನ. ಹಳೇ ಕಾರೇ ಬೇಡ ಅಂತ ನಿಮ್ಮಪ್ಪ ಹಟ ಹಿಡಿದಿದ್ದಾನಂತೆ. ನಾನು ಹಾಗೆ ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ತಗೋ, ಮಿನಿಯನ್ನೇ ಬೇಕಾದರೂ ತಗೋ. ಆದರೆ ಇದನ್ನು ಪೂರ್ತಿ ಓದುವವರೆಗೆ ಅಡ್ವಾನ್ಸ್ ಕೊಡಬೇಡ.

ಈ ರೆಟ್ರೋ ಕಾರುಗಳಲ್ಲಿ, ಅಂದರೆ ಹಳೇ ಕಾಲದ ರೂಪ ಕೊಟ್ಟು ಮಾಡಿದ ಹೊಸ ಕಾರುಗಳಲ್ಲಿ, ಒಂದು ಮೋಸ ಇದೆ, ಯಾರೂ ಬೇಕಂತ ಮಾಡಿದ ಮೋಸ ಅಲ್ಲ. ಬೇರೆ ಕಾರಾದರೆ ಹತ್ತು ವರ್ಷಕ್ಕೆ ಅದರ ರೂಪವೇ ಹಳತಾಗುತ್ತದೆ, ನೋಡಿದ ಕೂಡಲೇ ಕೊಳ್ಳುವವರಿಗೆ ಇದು ಹಳೇ ಗಾಡಿ ಅಂತ ಗೊತ್ತಾಗಿ ಕೈ ತಾನಾಗಿ ಜೇಬಿನಿಂದ ಹಿಂದೆ ಬರುತ್ತದೆ. ಇವು ಹುಟ್ಟುವಾಗಲೇ ಹಳೇ ರೂಪದಲ್ಲಿ ಹುಟ್ಟಿದವು. ಹಾಗಾಗಿ ಇವುಗಳ ಮುಖದಲ್ಲಿ ವಯಸ್ಸು ಕಾಣುವುದಿಲ್ಲ. 2008ರ ಮಿನಿಯನ್ನೂ 2012ರ ಮಿನಿಯನ್ನೂ ತೊಳೆದು ಪಾಲಿಶ್ ಮಾಡಿ ಪಕ್ಕದಲ್ಲಿ ನಿಲ್ಲಿಸಿದರೆ ನಿನಗೆ ವ್ಯತ್ಯಾಸ ಹೇಳುವುದಕ್ಕೆ ಆಗುವುದಿಲ್ಲ. ಒಳಗೆ ಮಾತ್ರ ಅವೆರಡೂ ಬೇರೆ ಬೇರೆ ಕಾರು. ನೀನು ಬರೆದಿದ್ದೆಯಲ್ಲ, 'ಹಳೇ ಕಾಲದ ಗಟ್ಟಿ ಕಾರು' ಅಂತ, ಅದೂ ಸರಿಯಲ್ಲ. 1959ರಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಬೇರೆ, 2001ರಲ್ಲಿ ಬಿಎಂಡಬ್ಲ್ಯು ಬಿಟ್ಟ ಮಿನಿ ಬೇರೆ. ಫಿಯೆಟ್ 500 ಕೂಡ ಹಾಗೇ. 1957ರ ಪುಟಾಣಿಗೆ ಎಂಜಿನ್ ಹಿಂದಿತ್ತು, ಗಾಳಿಯಿಂದ ತಣ್ಣಗಾಗುತ್ತಿತ್ತು. ಸರಿಯಾಗಿ 50 ವರ್ಷದ ಮೇಲೆ, 2007ರ ಜುಲೈ 4ಕ್ಕೆ ಬಂದ ಹೊಸದರಲ್ಲಿ ಎಂಜಿನ್ ಮುಂದಿದೆ, ಅಡಿಯಲ್ಲಿರುವುದು ಅದೇ ಕಂಪನಿಯ ಪಾಂಡಾ ಕಾರಿನ ತಳ. ಫೋಕ್ಸ್‌ವ್ಯಾಗನ್ ನ್ಯೂ ಬೀಟಲ್‌ನ ಹೊಟ್ಟೆಯೊಳಗೆ ಅದೇ ಕಂಪನಿಯ ಗಾಲ್ಫ್ ಅನ್ನುವ ಕಾರು ಇದೆ. ಇದು ಒಳ್ಳೆಯದೇ ಅನ್ನು, ಪಾಂಡಾದ್ದೋ ಗಾಲ್ಫ್‌ದೋ ಬಿಡಿಭಾಗ ಎಷ್ಟೋ ಕಡೆ ಹೊಂದುತ್ತದೆ, ಮೆಕ್ಯಾನಿಕ್‌ಗೂ ಹೊಸದಲ್ಲ. ಅದಕ್ಕೇ ನಾನು ಹೇಳುವುದು, ಬಣ್ಣ ಆಮೇಲೆ ನೋಡು. ಯಾವ ವರ್ಷ, ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಈ ಮೂರು ಮೊದಲು ಕೇಳು.

ಈಗ ನಿನ್ನ ಮಿನಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ನೀನು ಕಣ್ಣಿಟ್ಟಿರುವುದು 2008ರ ಕೂಪರ್ ಎಸ್ (ಮಿನಿಯ ಜೋರಾದ ಮಾದರಿ) ಮೇಲೆ, ಇಡೀ ಮಿನಿ ವಂಶದಲ್ಲಿ ಜಾಸ್ತಿ ಎಚ್ಚರ ಬೇಕಾಗಿರುವುದು ಅದಕ್ಕೇ.

2006ರ ಕೊನೆಯಲ್ಲಿ ಮಿನಿಯ ಎರಡನೇ ತಲೆಮಾರು ಬಂತು. ಬಲ್ಲವರು ಅದನ್ನು ಆರ್56 ಅನ್ನುತ್ತಾರೆ. ಎಂಜಿನ್ನುಗಳನ್ನು ಬಿಎಂಡಬ್ಲ್ಯುವೂ ಫ್ರಾನ್ಸಿನ ಪ್ಯೂಜೊ ಸಿಟ್ರೊಯೆನ್ ಕಂಪನಿಯವರೂ ಸೇರಿ ಮಾಡಿದ್ದು. ಕೂಪರ್ ಎಸ್‌ಗೆ ಹಾಕಿದ ಟರ್ಬೊ ಎಂಜಿನ್ (ಗಾಳಿಯನ್ನು ಒತ್ತಿ ತುಂಬಿಸಿ ಜೋರು ಹೆಚ್ಚಿಸಿಕೊಳ್ಳುವ ಎಂಜಿನ್) ಹೆಸರು ಎನ್14. ಓಡಿಸುವುದಕ್ಕೆ ಮಜಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಟೈಮಿಂಗ್ ಚೈನನ್ನು (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಸರಪಳಿ) ಬಿಗಿಯಾಗಿ ಹಿಡಿಯುವ ಟೆನ್ಷನರ್ ಸೋಲುತ್ತದೆ, ಚೈನ್ ಸಡಿಲ ಆಗುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ಸೆಕೆಂಡು ಡೀಸೆಲ್ ಎಂಜಿನ್ನಿನ ಹಾಗೆ ಕಟಕಟ ಅನ್ನುತ್ತದೆ. ಹಾಗೇ ಬಿಟ್ಟರೆ ಚೈನ್ ಹಲ್ಲು ಜಾರಿ, ವಾಲ್ವು ಪಿಸ್ಟನ್ನಿಗೆ ಬಡಿದು, ಎಂಜಿನ್ನೇ ಹೋಗುತ್ತದೆ. ಬಿಸಿ ಎಂಜಿನ್ನಿನಲ್ಲಿ ಈ ಸದ್ದು ಅಡಗಿರುತ್ತದೆ. ಮಾರುವವರಿಗೆ ಇದು ಗೊತ್ತು. ನೀನು ಹೋಗುವ ಹೊತ್ತಿಗೆ ಗಾಡಿ ಆಗಲೇ ಸ್ಟಾರ್ಟ್ ಆಗಿ ನಿಂತಿದ್ದರೆ, 'ನಿಮಗೋಸ್ಕರ ಎಸಿ ಹಾಕಿ ಇಟ್ಟಿದ್ದೆ' ಅಂದರೆ, ನಗುತ್ತಾ ಥ್ಯಾಂಕ್ಸ್ ಹೇಳಿ ವಾಪಸ್ ಬಾ, ಇನ್ನೊಂದು ದಿನ ಹೋಗು. ಹೋದ ತಕ್ಷಣ ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡು.

ಆ ಎಂಜಿನ್ ಎಣ್ಣೆಯನ್ನೂ ಕುಡಿಯುತ್ತದೆ. ಎಣ್ಣೆ ಕಮ್ಮಿಯಾದರೆ ಚೈನಿನ ಕಥೆ ಇನ್ನೂ ಬೇಗ ಮುಗಿಯುತ್ತದೆ, ಒಂದಕ್ಕೊಂದು ಗಂಟು. ಎಣ್ಣೆ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡು. ಎಣ್ಣೆ ಕೆಳಗಿನ ಗೆರೆಗಿಂತ ಕೆಳಗಿದ್ದರೆ ಈಗಿನ ಮಾಲೀಕ ಆ ಕಾರನ್ನು ಹೇಗೆ ನೋಡಿಕೊಂಡ ಅಂತ ಬಾಯಿಬಿಟ್ಟು ಕೇಳುವುದೇ ಬೇಡ. ಇನ್ನೊಂದು, ಎನ್14ರಲ್ಲಿ ಪೆಟ್ರೋಲು ನೇರ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಗಾಳಿಯನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವುಗಳ ಮೇಲೆ ಪೆಟ್ರೋಲು ಹರಿದು ತೊಳೆಯುವುದೇ ಇಲ್ಲ, ಹಾಗಾಗಿ ಅಲ್ಲಿ ಮಸಿ ಕಟ್ಟುತ್ತದೆ. ಗಾಡಿ ನಿಂತಲ್ಲೇ ನಡುಗುತ್ತದೆ, ಎಳೆತ ಕಮ್ಮಿಯಾಗುತ್ತದೆ. ಅದನ್ನು ತೆಗೆಯುವುದಕ್ಕೆ ಅಕ್ರೋಟಿನ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಚಿಮ್ಮಿಸುತ್ತಾರೆ (ತಮಾಷೆ ಅಲ್ಲ, ನಿಜವಾಗಲೂ ಹಾಗೇ ಮಾಡುವುದು, ಆ ಪುಡಿ ಮಸಿಯನ್ನು ಕೆರೆಯುತ್ತದೆ, ಲೋಹಕ್ಕೆ ಗೀರು ಬೀಳುವುದಿಲ್ಲ). ಹೈ ಪ್ರೆಷರ್ ಫ್ಯುಯೆಲ್ ಪಂಪ್ ಕೂಡ ಕೆಡುವ ವಸ್ತುವೇ. ಟರ್ಬೊವನ್ನು ತಂಪು ಮಾಡುವ ಸಣ್ಣ ನೀರಿನ ಪಂಪಿನ ವಿಚಾರವಾಗಿ 2012ರಲ್ಲಿ ಕಂಪನಿಯೇ ಇಂಥ ಮಿನಿಗಳನ್ನು ವಾಪಸ್ ಕರೆದಿತ್ತು, ಪಂಪಿನ ಸರ್ಕ್ಯೂಟ್ ಕಾದು ಹೊತ್ತಿಕೊಳ್ಳುವ ಅಪಾಯ ಇತ್ತು ಅಂತ. ನಿನ್ನ ಕೆಂಪಮ್ಮನಿಗೆ ಆ ಕೆಲಸ ಆಗಿದೆಯಾ? ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಅಧಿಕೃತ ಸರ್ವಿಸ್‌ನವರನ್ನು ಕೇಳಿದರೆ ಗೊತ್ತಾಗುತ್ತದೆ. ನಂಬರ್ ಕೊಡುವುದಕ್ಕೆ ಮಾರುವವನು ಹಿಂದೆಮುಂದೆ ನೋಡಿದರೆ ಅದೇ ಉತ್ತರ.

ಹಾಗಾದರೆ ಮಿನಿಯೇ ಬೇಡವಾ? ಬೇಕು ಅಂದರೆ ದಾರಿ ಇದೆ. 2010ರಿಂದ ಕೂಪರ್ ಎಸ್‌ಗೆ ಎನ್18 ಅನ್ನುವ ಎಂಜಿನ್ ಬಂತು, ಹಿಂದಿನದಕ್ಕಿಂತ ವಾಸಿ. ಇನ್ನೂ ನೆಮ್ಮದಿ ಬೇಕಾದರೆ ಎಸ್ ಅಕ್ಷರವನ್ನೇ ಬಿಡು. ಟರ್ಬೊ ಇಲ್ಲದ ಸಾದಾ ಕೂಪರ್, ಮ್ಯಾನ್ಯುವಲ್ ಗೇರು, ಅದೂ 2010ರ ನಂತರದ್ದು ಸಿಕ್ಕರೆ ನನ್ನ ಆಯ್ಕೆ ಅದೇ. ಅದರಲ್ಲೂ ಎಣ್ಣೆ ಮೇಲೆ ಕಣ್ಣಿಡಬೇಕು, ಚೈನಿನ ಸದ್ದು ಕೇಳಿಸಿಕೊಳ್ಳಬೇಕು, ಆದರೆ ಮಸಿ ಕಟ್ಟುವ ತಲೆನೋವು ಕಮ್ಮಿ. 2014ರಲ್ಲಿ ಬಂದ ಮೂರನೇ ತಲೆಮಾರು ಬಜೆಟ್ಟಿಗೆ ಸಿಕ್ಕಿದರಂತೂ ಮಾತೇ ಬೇಡ, ಸಾದಾ ಕೂಪರಿನಲ್ಲೇ ಮೂರು ಸಿಲಿಂಡರಿನ 1.5 ಲೀಟರ್ ಟರ್ಬೊ ಇದೆ, ಪ್ಯೂಜೊ ಜೊತೆಗಿನ ಆ ಎಂಜಿನ್ ಬಿಟ್ಟು ಪೂರ್ತಿ ಬಿಎಂಡಬ್ಲ್ಯುನದೇ. ಇನ್ನು ಕಮ್ಮಿ ದುಡ್ಡಿಗೆ ಸಿಗುತ್ತದೆ ಅಂತ 2001ರಿಂದ 2006ರ ಮೊದಲ ತಲೆಮಾರಿಗೆ ಕೈ ಹಾಕುವುದಾದರೆ ಸಿವಿಟಿ (ಹಲ್ಲಿನ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ) ಆಟೊಮ್ಯಾಟಿಕ್ ಇರುವುದನ್ನು ಮುಟ್ಟಲೇಬೇಡ. ಆ ಗೇರ್‌ಬಾಕ್ಸ್ ಹೋದರೆ ಕಾರಿನ ಬೆಲೆಗಿಂತ ರಿಪೇರಿ ದೊಡ್ಡದಾಗಬಹುದು. ಅವುಗಳಲ್ಲಿ ಪವರ್ ಸ್ಟೀರಿಂಗ್ ಪಂಪೂ ಕೈ ಕೊಡುತ್ತದೆ, ಓಡುತ್ತಿರುವಾಗಲೇ ಸ್ಟೀರಿಂಗ್ ಗಟ್ಟಿಯಾಗಿಬಿಡುತ್ತದೆ.

ಬಾನೆಟ್ ಎತ್ತಿದಾಗ ಎರಡೂ ಬದಿ ಶಾಕ್ ಅಬ್ಸಾರ್ಬರ್ ಬಂದು ಕೂರುವ ಜಾಗ ನೋಡು, ದುಂಡನೆಯ ತಗಡು. ಹೊಂಡ ಗುಂಡಿಗೆ ಬಡಿದೂ ಬಡಿದೂ ಅದು ಮೇಲಕ್ಕೆ ಉಬ್ಬಿರುತ್ತದೆ, ಮೊದಲ ತಲೆಮಾರಿನಲ್ಲಿ ಇದು ಜಾಸ್ತಿ. ಮಿನಿಯಲ್ಲಿ ಬಹಳಷ್ಟಕ್ಕೆ ರನ್‌ಫ್ಲ್ಯಾಟ್ ಟೈರ್ ಇರುತ್ತದೆ, ಗಾಳಿ ಹೋದರೂ ಸ್ವಲ್ಪ ದೂರ ಓಡುತ್ತದೆ ಅಂತ ಸ್ಟೆಪ್ನಿಯನ್ನೇ ಇಟ್ಟಿರುವುದಿಲ್ಲ. ಅವು ಗಡಸು ಟೈರು, ಬೆಲೆಯೂ ಜಾಸ್ತಿ. ನಾಲ್ಕೂ ಸವೆದಿದ್ದರೆ ಬೆಲೆ ಇಳಿಸುವುದಕ್ಕೆ ಅದೊಂದೇ ಸಾಕು. ಅಂದಹಾಗೆ ಡ್ಯಾಶ್‌ಬೋರ್ಡ್ ಮಧ್ಯೆ ಊಟದ ತಟ್ಟೆಯಷ್ಟು ಅಗಲದ ಆ ಸ್ಪೀಡೋಮೀಟರ್ ನಿನಗೆ ತುಂಬಾ ಇಷ್ಟ ಆಯಿತು ಅಂದೆಯಲ್ಲ, ಓಡಿಸುವವರಿಗಿಂತ ಪಕ್ಕದಲ್ಲಿ ಕೂತವರಿಗೆ ಅದು ಚೆನ್ನಾಗಿ ಕಾಣುತ್ತದೆ. ನಿನ್ನ ದೊಡ್ಡಮ್ಮನಂಥವರು ಪಕ್ಕದಲ್ಲಿ ಕೂತರೆ ಕಷ್ಟ.

ಫಿಯೆಟ್ 500 ನಿನ್ನ ಪಟ್ಟಿಯಲ್ಲಿ ಎರಡನೆಯದು. ನನ್ನ ಪಟ್ಟಿಯಲ್ಲಿ ಮೊದಲನೆಯದು. 1.2 ಲೀಟರ್ ಎಂಜಿನ್ ಇರುವುದನ್ನೇ ಹುಡುಕು. ಅದರಲ್ಲಿ ಜೋರು ಇಲ್ಲ, ಏರು ಹತ್ತುವಾಗ ಗೇರು ಇಳಿಸಬೇಕು, ಆದರೆ ಸರಳ ಎಂಜಿನ್. ಮಿನಿಯ ಚೈನಿನ ಕೆಲಸವನ್ನೇ ಇಲ್ಲಿ ಮಾಡುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕೇಳು, ಬಿಲ್ ತೋರಿಸಿದರೆ ಮಾತ್ರ ನಂಬು. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ ಅಷ್ಟು ದುಡ್ಡು ಬೆಲೆಯಲ್ಲಿ ಕಳೆ. ಟ್ವಿನ್‌ಏರ್ ಅನ್ನುವ 875 ಸಿಸಿಯ ಎರಡು ಸಿಲಿಂಡರ್ ಎಂಜಿನ್ 2011ರಲ್ಲಿ ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದು, ಸದ್ದೂ ಮುದ್ದಾಗಿದೆ. ಆದರೆ ಅದರಲ್ಲಿ ಇನ್‌ಟೇಕ್ ವಾಲ್ವುಗಳನ್ನು ಆಡಿಸುವುದೇ ಎಂಜಿನ್ ಎಣ್ಣೆಯ ಒತ್ತಡ. ತಪ್ಪು ಎಣ್ಣೆ ಹಾಕಿದ, ಎಣ್ಣೆ ಬದಲಾಯಿಸದೆ ಎಳೆದ ಗಾಡಿಯಾದರೆ ದೊಡ್ಡ ಖರ್ಚು. ಎಣ್ಣೆಯ ಬಿಲ್ಲುಗಳು ಸಾಲಾಗಿ ಇದ್ದರೆ ತಗೋ, ಇಲ್ಲದಿದ್ದರೆ ಬೇಡ. ಡ್ಯುಯಾಲಾಜಿಕ್ ಅಂತ ಬರೆದಿದ್ದರೆ ಅದನ್ನು ಆಟೊಮ್ಯಾಟಿಕ್ ಅಂತ ತಿಳಿಯಬೇಡ. ಅದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ ಕೆಲಸವನ್ನು ನಿನ್ನ ಕಾಲಿನ ಬದಲು ಹೈಡ್ರಾಲಿಕ್ ಪಂಪು ಮಾಡುತ್ತದೆ. ಅಭ್ಯಾಸ ಇಲ್ಲದವರಿಗೆ ತಲೆ ಅಲ್ಲಾಡಿದ ಹಾಗೆ ಆಗುತ್ತದೆ, ಕೆಟ್ಟರೆ ಸರಿಮಾಡುವವರು ಹುಡುಕಿದರೂ ಸಿಗುವುದು ಕಷ್ಟ. ಹಿಂಬಾಗಿಲನ್ನು ನಾಲ್ಕು ಸಲ ತೆಗೆದು ಹಾಕಿ ನೋಡು, ಮಡಚುವ ಜಾಗದಲ್ಲಿ ವೈರುಗಳು ತುಂಡಾಗಿ ವೈಪರೋ ನಂಬರ್ ಪ್ಲೇಟಿನ ಲೈಟೋ ಕೆಲಸ ಮಾಡದೆ ಇರಬಹುದು. ಸಣ್ಣ ರಿಪೇರಿ, ಹೆದರಬೇಡ. ಬೆಲೆ ಇಳಿಸುವ ಮಾತಿಗೆ ಮಾತ್ರ ಉಪಯೋಗ.

ನ್ಯೂ ಬೀಟಲ್ ಬಗ್ಗೆ ಜಾಸ್ತಿ ಇಲ್ಲ. ಕೊನೆಯದು ತಯಾರಾಗಿದ್ದೇ 2011ರಲ್ಲಿ, ಈಗ ಸಿಗುವುದೆಲ್ಲ ವಯಸ್ಸಾದವು. ಕಿಟಕಿ ಗಾಜು ಏರಿಳಿಸುವ ಒಳಗಿನ ಸಾಧನ ಮುರಿದು ಗಾಜು ಬಾಗಿಲೊಳಗೆ ಬೀಳುತ್ತದೆ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜರ್ಕ್ ಹೊಡೆಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹೂವಿಡುವ ಒಂದು ಕುಡಿಕೆ ಇದೆ, ಅದೊಂದು ಮಾತ್ರ ಎಂದೂ ಕೆಡುವುದಿಲ್ಲ. ಇನ್ನು ನಿನ್ನ ಗೆಳತಿ ಹೇಳಿದಳಲ್ಲ, ನಿಸ್ಸಾನ್ ಫಿಗಾರೊ, ಅದು 1991ರದ್ದು, 20,000 ಮಾತ್ರ ಮಾಡಿದ್ದು, ಒಳಗೆ ಅದೇ ಕಂಪನಿಯ ಮೈಕ್ರಾ ಕಾರಿನ 1 ಲೀಟರ್ ಟರ್ಬೊ. ದಿನಾ ಓಡಿಸುವ ಕಾರಲ್ಲ ಅದು, ಸಾಕುವ ಕಾರು. ತುಕ್ಕಿನ ಜೊತೆ ಸಂಸಾರ ಮಾಡುವ ತಾಳ್ಮೆ ನಿನಗೆ ಇದೆ ಅಂತ ನನಗೆ ಅನ್ನಿಸುವುದಿಲ್ಲ.

ಯಾವ ಕಾರು ನೋಡಿದರೂ ಒಂದು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಗುರುತಿಟ್ಟ ದೋಷಗಳನ್ನು, ಅಂದರೆ ಎರರ್ ಕೋಡ್‌ಗಳನ್ನು, ಓದುವ ಸಾಧನ) ಇರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗು, ಆದರೆ ಮಾರುವವನು ಹೇಳಿದ ಮೆಕ್ಯಾನಿಕ್ ಬೇಡ. ಎರರ್ ಕೋಡ್ ಏನೂ ಇಲ್ಲ ಅಂತ ತೋರಿಸಿದರೆ ಅಷ್ಟಕ್ಕೇ ಸುಮ್ಮನಾಗಬೇಡ. ನೀನು ಬರುವ ಮೊದಲು ಕೋಡ್ ಅಳಿಸಿಬಿಡುವುದು ಒಂದು ನಿಮಿಷದ ಕೆಲಸ. ಆದರೆ ಹಾಗೆ ಅಳಿಸಿದರೆ ಕಾರು ತನ್ನನ್ನು ತಾನು ಪರೀಕ್ಷೆ ಮಾಡಿಕೊಂಡ ದಾಖಲೆಯೂ ಅಳಿಸಿಹೋಗುತ್ತದೆ, ಸ್ಕ್ಯಾನರಿನಲ್ಲಿ ರೆಡಿನೆಸ್ ಅಂತ ಇರುವ ಜಾಗದಲ್ಲಿ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಬರುತ್ತದೆ, ಅದು ಸರಿಹೋಗಬೇಕಾದರೆ ಗಾಡಿ ಸುಮಾರು ದೂರ ಓಡಬೇಕು. ಹಾಗೆ ಬಂದರೆ 'ಬ್ಯಾಟರಿ ಬದಲಾಯಿಸಿದೆ' ಅಂತ ಹೇಳುತ್ತಾರೆ. ಬ್ಯಾಟರಿಯ ಬಿಲ್ ಕೇಳು. ಓಡೋಮೀಟರಿನ ಅಂಕಿಯನ್ನೂ ಪೆಡಲ್ಲಿನ ರಬ್ಬರನ್ನೂ ಡ್ರೈವರ್ ಸೀಟಿನ ಅಂಚನ್ನೂ ಒಟ್ಟಿಗೆ ನೋಡು, ಮೂರೂ ಒಂದೇ ಕಥೆ ಹೇಳಬೇಕು. ಗಾಜಿನ ಛಾವಣಿ ಇದ್ದರೆ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒದ್ದೆಯಾ ಅಂತ ಮುಟ್ಟಿ ನೋಡು, ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಅದು ಒಳಗೇ ಇಳಿಯುತ್ತದೆ. ಕೀ ಎರಡೂ ಇವೆಯಾ ಕೇಳು. ಮಿನಿಯ ಬಾಗಿಲು ತೆಗೆದಾಗ ಗಾಜು ಚೂರು ಕೆಳಗಿಳಿಯಬೇಕು, ಹಾಕಿದಾಗ ಮೇಲೇರಬೇಕು. ಅದು ಹಾಳಾಗಿಲ್ಲ, ಹಾಗೇ ಇರುವುದು. ಇಳಿಯದಿದ್ದರೆ ಮಾತ್ರ ತೊಂದರೆ.

ಆಮೇಲೆ, ಅವನ ಎದುರು 'ಎಷ್ಟು ಕ್ಯೂಟ್' ಅನ್ನಬೇಡ. ನಿನ್ನ ಮುಖ ನೋಡಿಯೇ ಬೆಲೆ ಹೇಳುತ್ತಾರೆ. ಕೈಯಲ್ಲಿರುವ ದುಡ್ಡನ್ನೆಲ್ಲ ಕಾರಿಗೇ ಸುರಿಯಬೇಡ, ಐದರಲ್ಲಿ ಒಂದು ಪಾಲಾದರೂ ಮೊದಲ ವರ್ಷದ ರಿಪೇರಿಗೆ ಅಂತ ಪಕ್ಕಕ್ಕೆ ಇಡು. ಉಳಿದ ದುಡ್ಡಿಗೆ ಎಸ್ ಬರದಿದ್ದರೆ ಸಾದಾ ಕೂಪರ್, ಅದೂ ಬರದಿದ್ದರೆ ಫಿಯೆಟ್. ಈ 2008ರದ್ದೇ ಬೇಕು ಅಂತ ಹಟ ಮಾಡುವುದಾದರೆ ಚೈನು, ಟೆನ್ಷನರ್, ಚೈನಿಗೆ ದಾರಿ ಹಿಡಿಸುವ ಗೈಡ್ ಎಲ್ಲಾ ಬದಲಾಯಿಸಿದ ಬಿಲ್ ಅವನ ಕೈಯಲ್ಲಿರಬೇಕು. ಬಿಲ್ ಇಲ್ಲ ಅಂದರೆ ಆ ಕೆಲಸಕ್ಕೆ ಎಷ್ಟಾಗುತ್ತದೆ ಅಂತ ಮೆಕ್ಯಾನಿಕ್‌ನಿಂದ ಬರೆಸಿಕೊಂಡು ಹೋಗಿ, ಅಷ್ಟನ್ನೂ ಕಳೆದು ಬೆಲೆ ಕೇಳು. ಒಪ್ಪದಿದ್ದರೆ ಎದ್ದು ಬಾ. ಕೆಂಪು ಮಿನಿ ಅದೊಂದೇ ಅಲ್ಲ.

ಚಾಸಿಸ್ ನಂಬರ್, ಸರ್ವಿಸ್ ಬುಕ್ಕಿನ ಎಲ್ಲಾ ಪುಟ, ಬಾನೆಟ್ ಎತ್ತಿದ ಒಂದು ಫೋಟೋ, ಇಷ್ಟನ್ನು ಅವನಿಂದ ತರಿಸಿ ನನಗೆ ಕಳಿಸು. ನೋಡುವುದಕ್ಕೆ ಹೋಗುವುದಾದರೆ ಬೆಳಿಗ್ಗೆಯೇ ಹೋಗು, ಅವನು ಇನ್ನೂ ಕೀ ತಿರುಗಿಸಿರಬಾರದು. ಸ್ಟಾರ್ಟ್ ಮಾಡುವಾಗ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ ಕಳಿಸಿದರೆ ನಾನೂ ಕೇಳುತ್ತೇನೆ. ನಿಮ್ಮಪ್ಪನಿಗೆ ನಾನು ಹೇಳುತ್ತೇನೆ, ಅದು ನನಗೆ ಬಿಡು.

ನಿನ್ನ ದೊಡ್ಡಪ್ಪ