‘ನೋ ಸಿಗ್ನಲ್’ ಅಂತ ಹೇಳುತ್ತಿರುವುದು ಟಿವಿಯೋ, ಬಾಕ್ಸೋ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಗಂಗಾವತಿಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹೋದ ತಿಂಗಳು ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಸಂಘದಲ್ಲಿ ಸಾಲ ಎತ್ತಿ 14,000 ರೂಪಾಯಿಯ ಹೊಸ ಟಿವಿ ತಂದಳು. ಹಳೆಯ ಟಿವಿಯಲ್ಲಿ ಎಂಟು ದಿನದಿಂದ ‘ನೋ ಸಿಗ್ನಲ್’ ಅಂತ ಬರುತ್ತಿತ್ತು. ನೋಡಲು ಬಂದವನು, ‘ಪ್ಯಾನೆಲ್ ಹೋಗೈತಿ, ರಿಪೇರಿ ಮಾಡಿಸೋದಕ್ಕಿಂತ ಹೊಸದು ತಗೊಳ್ರಿ’ ಅಂದು 300 ರೂಪಾಯಿ ತೆಗೆದುಕೊಂಡು ಹೋಗಿದ್ದ. ಹೊಸ ಟಿವಿಯನ್ನು ಗೋಡೆಗೆ ಹಾಕಿದರು. ಕೇಬಲ್‌ನವರು ಕೊಡುವ ಸೆಟ್‌ಟಾಪ್ ಬಾಕ್ಸಿನಿಂದ ಬರುವ ಅದೇ ವೈರನ್ನು ಚುಚ್ಚಿದರು. ಹೊಸ ಟಿವಿಯಲ್ಲೂ ಬಂದಿದ್ದು ಅದೇ ‘ನೋ ಸಿಗ್ನಲ್’.

ಆಗ ನನ್ನನ್ನು ಕರೆದರು. ಬಾಕ್ಸಿನಿಂದ ಟಿವಿಗೆ ಚಿತ್ರ, ದನಿ ಎರಡನ್ನೂ ಒಯ್ಯುವ ನಮ್ಮ ಮನೆಯ ಎಚ್‌ಡಿಎಂಐ ವೈರನ್ನು ತೆಗೆದುಕೊಂಡು ಹೋಗಿ ಚುಚ್ಚಿದೆ. ಚಿತ್ರ ಬಂತು. ಹಳೆಯ ಟಿವಿಗೆ ಹಾಕಿ ನೋಡಿದೆವು, ಅದರಲ್ಲೂ ಬಂತು. ಕೆಟ್ಟಿದ್ದು ಅಂಗಡಿಯಲ್ಲಿ 150 ರೂಪಾಯಿಗೆ ಸಿಗುವ ಒಂದು ವೈರು. ಆ ಹೆಣ್ಣುಮಗಳು ಹಳೆಯ ಟಿವಿಯ ಮುಂದೆ ಸುಮ್ಮನೆ ಕೂತುಬಿಟ್ಟಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಅವತ್ತೇ ಈ ಪತ್ರ ಬರೆಯಬೇಕು ಅಂದುಕೊಂಡೆ.

ಒಂದು ಮಾತನ್ನು ಅವಳಿಗೆ ಮೊದಲೇ ಯಾರಾದರೂ ಹೇಳಿದ್ದರೆ ಸಾಕಿತ್ತು. ಪರದೆಯ ಮೇಲೆ ‘ನೋ ಸಿಗ್ನಲ್’ ಅಂತ ಅಕ್ಷರ ನಿಚ್ಚಳವಾಗಿ ಕಾಣುತ್ತಿದೆ ಅಂದರೆ ಪರದೆ ಚೆನ್ನಾಗಿದೆ ಅಂತಲೇ ಅರ್ಥ. ಪ್ಯಾನೆಲ್ ಹೋಗಿದ್ದರೆ ಆ ಅಕ್ಷರ ಹೇಗೆ ಕಾಣುತ್ತದೆ? ಟಿವಿ ಪಾಪ ತನ್ನ ಕೆಲಸ ಮಾಡುತ್ತಿದೆ. ‘ನನಗೆ ಏನೂ ಬರುತ್ತಿಲ್ಲ’ ಅಂತ ಹೇಳುತ್ತಿದೆ, ಅಷ್ಟೇ.

ಇದೆಲ್ಲ ನಾನು ಕಲಿತಿದ್ದು 2024ರ ಆಗಸ್ಟ್‌ನಲ್ಲಿ. 10ನೇ ತಾರೀಖು ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಅದೇ ವಾರ. ನನ್ನ ತಮ್ಮ ಕಾರಟಗಿ ಕಡೆ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಹಚ್ಚುತ್ತಾನೆ. ನಮ್ಮವ್ವಗೆ 76 ವರ್ಷ. ಓದಲು ಬರುವುದಿಲ್ಲ. ಮೊಬೈಲ್ ಅವಳ ಕಣ್ಣಿಗೆ ಆಗುವುದಿಲ್ಲ. ಸುದ್ದಿ ಅಂದರೆ ಅವಳಿಗೆ ಟಿವಿಯೇ. ಆ ಭಾನುವಾರ ಬೆಳಿಗ್ಗೆ ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಟಿವಿಯಲ್ಲಿ ಚಿತ್ರವೇ ಬರಲಿಲ್ಲ. ‘ಗೇಟ್ ಏನಾತು ನೋಡವ್ವ, ನೀರೆಲ್ಲಾ ಹರಿದು ಹೋತಂದ್ರ ಗದ್ದೀಗೆ ಏನು ಗತಿ?’ ಅಂತ ಅವ್ವ ಕಪ್ಪು ಪರದೆಯ ಮುಂದೆ ಕೂತು ಕೇಳುತ್ತಲೇ ಇದ್ದಳು. ನಾನು ಕೇಬಲ್‌ನವರಿಗೆ ಫೋನ್ ಮಾಡಿದೆ. ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಅಂದರು. ಎರಡು ದಿನವಾದರೂ ಯಾರೂ ಬರಲಿಲ್ಲ.

ಮೂರನೇ ದಿನ ರಾತ್ರಿ ನನಗೆ ಅನಿಸಿತು. ಹೊಲಿಗೆ ಮಷಿನ್ ನಿಂತರೆ ನಾನೇನು ಮಾಡುತ್ತೇನೆ? ಮೊದಲು ಸೂಜಿ ನೋಡುತ್ತೇನೆ. ಆಮೇಲೆ ದಾರ. ಆಮೇಲೆ ಬಾಬಿನ್. ಮೋಟಾರಿಗೆ ಕೈ ಹಚ್ಚುವುದು ಎಲ್ಲದಕ್ಕಿಂತ ಕೊನೆಗೆ. ಹಂಗೇ ಇದನ್ನೂ ಒಂದು ತುದಿಯಿಂದ ನೋಡೋಣ ಅಂತ ಟಿವಿಯ ಹಿಂದೆ ಬ್ಯಾಟರಿ ಬಿಟ್ಟು ನೋಡಿದೆ. ಬಾಕ್ಸಿನ ವೈರು ‘ಎಚ್‌ಡಿಎಂಐ 2’ ಅಂತ ಬರೆದ ತೂತಿನಲ್ಲಿತ್ತು. ಪರದೆಯ ಮೂಲೆಯಲ್ಲಿ ಮಾತ್ರ ‘ಎವಿ’ ಅಂತ, ಅಂದರೆ ಹಳೆಯ ಮೂರು ಬಣ್ಣದ ಪಿನ್ನಿನ ತೂತಿನ ಹೆಸರು ಇತ್ತು. ಅಂದರೆ ಬಾಕ್ಸು ಒಂದು ಬಾಗಿಲಲ್ಲಿ ನಿಂತಿದೆ, ಟಿವಿ ಇನ್ನೊಂದು ಬಾಗಿಲು ತೆಗೆದುಕೊಂಡು ಕಾಯುತ್ತಿದೆ. ಟಿವಿಯ ರಿಮೋಟಿನಲ್ಲಿ ‘ಸೋರ್ಸ್’ ಅಂತ ಒಂದು ಗುಂಡಿ ಇದೆ. ಕೆಲವು ರಿಮೋಟಿನಲ್ಲಿ ‘ಇನ್‌ಪುಟ್’ ಅಂತ ಇರುತ್ತದೆ. ಅದನ್ನು ಒತ್ತಿ ‘ಎಚ್‌ಡಿಎಂಐ 2’ ಆರಿಸಿದೆ. ಚಾನೆಲ್ ಬಂತು. ಆ ವಾರದ ಕೊನೆಗೆ ಡ್ಯಾಮಿನಲ್ಲಿ ಹೋದ ಗೇಟಿನ ಜಾಗಕ್ಕೆ ನೀರು ತಡೆಯುವ ಸ್ಟಾಪ್‌ಲಾಗ್ ಹಲಗೆ ಇಳಿಸಿದ್ದನ್ನು ಅವ್ವ ತನ್ನ ಕಣ್ಣಾರೆ ನೋಡಿದಳು. ಕೈ ಮುಗಿದಳು.

ಅಲ್ಲಿಂದ ಇಲ್ಲಿಯತನಕ ನಮ್ಮ ಓಣಿಯಲ್ಲಿ, ಗಿರಾಕಿಗಳ ಮನೆಯಲ್ಲಿ ಹನ್ನೊಂದು ಟಿವಿ ನೋಡಿದ್ದೇನೆ. ಗೊತ್ತಿದ್ದವರನ್ನು ಕೇಳಿ ಕೇಳಿ ಕಲಿತಿದ್ದೇನೆ. ನನಗೆ ತಿಳಿದಿದ್ದನ್ನು ನಿಮ್ಮ ಓದುಗರಿಗೆ ಹೇಳಬೇಕು.

ಎಲ್ಲದಕ್ಕಿಂತ ಮೊದಲು, ಪರದೆಯ ಮೇಲೆ ಬರುವ ಮಾತು ಯಾರದು ಅಂತ ನೋಡಿ. ‘ಸಿಗ್ನಲ್ ಇಲ್ಲ’ ಅನ್ನುವ ಮಾತನ್ನು ಇಬ್ಬರು ಹೇಳುತ್ತಾರೆ. ಟಿವಿಯೂ ಹೇಳುತ್ತದೆ, ಬಾಕ್ಸೂ ಹೇಳುತ್ತದೆ. ಎರಡರ ಅರ್ಥ ಪೂರ್ತಿ ಬೇರೆ. ಟಿವಿ ಹೇಳಿದರೆ ತೊಂದರೆ ಟಿವಿಗೂ ಬಾಕ್ಸಿಗೂ ನಡುವೆ ಇದೆ. ಬಾಕ್ಸು ಹೇಳಿದರೆ ತೊಂದರೆ ಬಾಕ್ಸಿನಿಂದ ಆಚೆ, ಹೊರಗಿನಿಂದ ಬರುವ ದಪ್ಪ ಕೇಬಲ್ ಕಡೆ ಇದೆ. ಟಿವಿಯ ಮಾತು ಬಹಳಷ್ಟು ಸಲ ಬರೀ ಕಪ್ಪು ಅಥವಾ ನೀಲಿ ಪರದೆಯ ಮೇಲೆ ಸಣ್ಣ ಹಲಗೆಯ ಹಾಗೆ ಅತ್ತಿತ್ತ ತೇಲುತ್ತದೆ. ಬಾಕ್ಸಿನ ಮಾತು ಒಂದೇ ಕಡೆ ನಿಂತಿರುತ್ತದೆ, ಜೊತೆಗೆ ಚಾನೆಲ್ ನಂಬರೋ, ಒಂದು ಕೋಡ್ ನಂಬರೋ ಇರುತ್ತದೆ. ನಮ್ಮವ್ವ ಓದಲು ಬರದಿದ್ದರೂ ಈಗ ಇದನ್ನು ಗುರುತಿಸುತ್ತಾಳೆ. ‘ತೇಲಾಕ ಹತ್ತೈತಿ, ವೈರು ನೋಡು’ ಅನ್ನುತ್ತಾಳೆ.

ಅಷ್ಟಕ್ಕೂ ಅನುಮಾನ ಇದ್ದರೆ ಬಾಕ್ಸಿನ ರಿಮೋಟ್ ತೆಗೆದುಕೊಂಡು ‘ಮೆನು’ ಒತ್ತಿ. ಬಾಕ್ಸಿನ ಮೆನು ಪರದೆಯ ಮೇಲೆ ಬಂತು ಅಂದರೆ ಟಿವಿ ಸರಿ, ನಡುವಿನ ವೈರು ಸರಿ, ಸೋರ್ಸ್ ಸರಿ. ಇನ್ನು ಟಿವಿಯನ್ನು ಮುಟ್ಟುವ ಕೆಲಸವೇ ಇಲ್ಲ. ಹೊರಗಿನ ಕೇಬಲ್ ನೋಡಬೇಕು, ಇಲ್ಲ ತಿಂಗಳ ದುಡ್ಡು ಕಟ್ಟಿದ್ದು ಮುಗಿದಿದೆಯಾ ನೋಡಬೇಕು. ಮೆನು ಬರಲಿಲ್ಲ ಅಂದರೆ ಬಾಕ್ಸಿನ ಲೈಟ್ ನೋಡಿ. ಲೈಟೇ ಇಲ್ಲದಿದ್ದರೆ ಅಡಾಪ್ಟರ್ ಅಥವಾ ಪ್ಲಗ್. ಬಾಕ್ಸು ತಾನೇ ಆರಿ ತಾನೇ ಹತ್ತುತ್ತಿದ್ದರೂ ಅಡಾಪ್ಟರ್ ಮೇಲೆಯೇ ಮೊದಲ ಅನುಮಾನ ಇರಲಿ. ಬೇರೆ ಅಡಾಪ್ಟರ್ ಹಾಕುವಾಗ ಮಾತ್ರ ಹುಷಾರು. ಪಿನ್ ಕೂಡುತ್ತದೆ ಅಂತ ಸಿಕ್ಕಿದ್ದನ್ನು ಹಾಕಬೇಡಿ. ಹಳೆಯದರ ಮೇಲೆ ಬರೆದ ವೋಲ್ಟ್ ಎಷ್ಟೋ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು.

ಲೈಟ್ ಇದೆ, ಆದರೂ ಟಿವಿ ‘ನೋ ಸಿಗ್ನಲ್’ ಅನ್ನುತ್ತಿದೆ. ಆಗ ಸೋರ್ಸ್. ನಾನು ನೋಡಿದ ಹನ್ನೊಂದು ಮನೆಯಲ್ಲಿ ಐದು ಮನೆಯದು ಇದೇ ಕಥೆ. ಮನೆಯಲ್ಲಿ ಎರಡು ರಿಮೋಟ್ ಇರುತ್ತವೆ. ಟಿವಿಯ ರಿಮೋಟನ್ನು ಯಾರೂ ಬಳಸುವುದಿಲ್ಲ, ಮಕ್ಕಳ ಕೈಗೆ ಕೊಟ್ಟಿರುತ್ತಾರೆ. ಮಗು ಒಂದು ಗುಂಡಿ ಒತ್ತಿರುತ್ತದೆ. ಬಾಕ್ಸಿನ ರಿಮೋಟ್ ಎಷ್ಟು ಒತ್ತಿದರೂ ಅದು ಸರಿ ಹೋಗುವುದಿಲ್ಲ, ಯಾಕಂದರೆ ಆ ಗುಂಡಿ ಇರುವುದು ಟಿವಿಯ ರಿಮೋಟಿನಲ್ಲಿ. ದಯವಿಟ್ಟು ಟಿವಿಯ ರಿಮೋಟನ್ನು ಜೋಪಾನವಾಗಿ ಇಡಿ. ಅದರ ಸೆಲ್ ತೆಗೆದು ಗಡಿಯಾರಕ್ಕೆ ಹಾಕಬೇಡಿ.

ಸೋರ್ಸೂ ಸರಿ ಇದ್ದರೆ ಟಿವಿ, ಬಾಕ್ಸು ಎರಡನ್ನೂ ಪ್ಲಗ್‌ನಿಂದಲೇ ಆಫ್ ಮಾಡಿ. ರಿಮೋಟಿನಿಂದ ಆರಿಸಿದರೆ ಸಾಲದು. ಎಚ್‌ಡಿಎಂಐ ವೈರಿನ ಎರಡೂ ತುದಿ ಬಿಚ್ಚಿ ಮತ್ತೆ ನೆಟ್ಟಗೆ ಒತ್ತಿ. ಆ ಸಣ್ಣ ಬಾಯಿಯೊಳಗೆ 19 ಪಿನ್ ಇರುತ್ತವೆ. ಟಿವಿಯನ್ನು ಗೋಡೆಗೆ ಅಂಟಿಸಿ ಹಾಕಿದಾಗ ವೈರು ಮಡಚಿಕೊಂಡು ಅದರ ತೂಕಕ್ಕೇ ಪಿನ್ನು ಜಗ್ಗುತ್ತದೆ. ಹೊಸ ಟಿವಿ ತಂದ ಆ ಹೆಣ್ಣುಮಗಳ ವೈರು ಕೆಟ್ಟಿದ್ದೂ ಹಾಗೇ, ಬಾಗಿದ ಜಾಗದಲ್ಲಿ. ಎರಡು ನಿಮಿಷ ಬಿಟ್ಟು ಮೊದಲು ಟಿವಿ ಹಾಕಿ, ಸೋರ್ಸ್ ಸರಿ ಮಾಡಿ, ಆಮೇಲೆ ಬಾಕ್ಸ್ ಹಾಕಿ. ಇದು ಸುಮ್ನೆ ಆರಿಸಿ ಹಾಕುವ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಆ ವೈರಿನಲ್ಲಿ ಚಿತ್ರ ಹೋಗುವ ಮೊದಲು ಟಿವಿ ಮತ್ತು ಬಾಕ್ಸು ಮಾತಾಡಿಕೊಳ್ಳುತ್ತವೆ. ‘ನಾನು ಇಷ್ಟು ಅಳತೆಯ ಚಿತ್ರ ತೋರಿಸಬಲ್ಲೆ’ ಅಂತ ಟಿವಿ ಹೇಳಬೇಕು. ಚಿತ್ರವನ್ನು ಕದ್ದು ನಕಲು ಮಾಡುವ ಯಂತ್ರ ಇದಲ್ಲ ಅಂತ ಬಾಕ್ಸಿಗೆ ಖಾತ್ರಿ ಆಗಬೇಕು. ಕರೆಂಟ್ ಹೋಗಿ ತಟ್ಟನೆ ಬಂದಾಗ ಎರಡೂ ಒಟ್ಟಿಗೆ ಏಳುತ್ತವೆ, ಆ ಮಾತುಕತೆ ಕೆಲವು ಸಲ ಅರ್ಧಕ್ಕೇ ನಿಂತುಬಿಡುತ್ತದೆ. ನಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ಬೇಸಿಗೆಯಲ್ಲಿ ಇಲ್ಲಿ ಇದ್ದವರಿಗೆ ಗೊತ್ತು.

ಇದಾದ ಮೇಲೂ ಬರದಿದ್ದರೆ ಟಿವಿಯ ಇನ್ನೊಂದು ಎಚ್‌ಡಿಎಂಐ ತೂತಿಗೆ ಹಾಕಿ ನೋಡಿ, ಸೋರ್ಸನ್ನೂ ಅದಕ್ಕೆ ಬದಲಿಸಿ. ಆಮೇಲೆ ಪಕ್ಕದ ಮನೆಯ ವೈರು ಕೇಳಿ. ಟಿವಿ ಕೊಳ್ಳುವ ಮಾತು ಇದೆಲ್ಲ ಮುಗಿದ ಮೇಲೆ ಇರಲಿ.

ಹಳೆಯ ಟಿವಿಗಳಲ್ಲಿ ಮೂರು ಬಣ್ಣದ ಪಿನ್ನು ಇರುತ್ತವಲ್ವಾ? ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ದನಿಗೆ. ದನಿ ಇದೆ ಚಿತ್ರ ಇಲ್ಲ ಅಂದರೆ ಹಳದಿ ನೋಡಿ. ಚಿತ್ರ ಇದೆ ದನಿ ಇಲ್ಲ ಅಂದರೆ ಉಳಿದೆರಡು. ಹಿರೇಜಂತಕಲ್‌ನ ಒಂದು ಮನೆಯಲ್ಲಿ ಟಿವಿಯ ಬಣ್ಣವೇ ಹೋಗಿಬಿಟ್ಟಿದೆ, ಎಲ್ಲ ಕಪ್ಪುಬಿಳುಪು ಕಾಣುತ್ತದೆ ಅಂತ ಬೇಜಾರು ಮಾಡಿಕೊಂಡಿದ್ದರು. ದೀಪಾವಳಿಗೆ ಸುಣ್ಣ ಹಚ್ಚುವಾಗ ಟಿವಿ ತೆಗೆದು ಇಟ್ಟಿದ್ದರು. ಮತ್ತೆ ಚುಚ್ಚುವಾಗ ಹಳದಿ ಪಿನ್ನನ್ನು ಹಸಿರು ತೂತಿಗೆ ಹಾಕಿದ್ದರು. ಹಸಿರು, ನೀಲಿ, ಕೆಂಪು ಅಂತ ಇನ್ನೊಂದು ಸಾಲು ಇರುತ್ತದೆ, ಅದು ಬೇರೆ ರೀತಿಯ ವೈರಿಗೆ. ಹಳದಿಯನ್ನು ಹಳದಿಗೆ ಹಾಕಿ ಸೋರ್ಸನ್ನು ಎವಿಗೆ ತಂದೆ. ಬಣ್ಣ ಬಂತು. ಅವರ ಮನೆಯ ಅಜ್ಜ ನನಗೆ ಕರ್ಚಿಕಾಯಿ ಕಟ್ಟಿಕೊಟ್ಟರು.

ಹೊರಗಿನ ಕೇಬಲ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ಅದು ಕೇಬಲ್‌ನವರ ಕೆಲಸ. ಮೊದಲು ಬಾಕ್ಸ್ ಇಲ್ಲದ ಕಾಲದಲ್ಲಿ ಸಿಗ್ನಲ್ ಕಮ್ಮಿಯಾದರೆ ಪರದೆ ಮೇಲೆ ಇರುವೆ ಹರಿದ ಹಾಗೆ ಕಾಣುತ್ತಿತ್ತು. ಆದರೂ ಚಿತ್ರ ತಿಳಿಯುತ್ತಿತ್ತು. ಕೇಬಲ್ ಟಿವಿಯನ್ನು ಡಿಜಿಟಲ್ ಮಾಡಲು, ಅಂದರೆ ಮನೆ ಮನೆಗೆ ಬಾಕ್ಸ್ ಹಾಕಲು, ದೇಶದಲ್ಲಿ ಕೊನೆಯ ಹಂತಕ್ಕೆ ಕೊಟ್ಟ ಗಡುವು 2017ರ ಮಾರ್ಚ್ 31. ಬಾಕ್ಸ್ ಬಂದ ಮೇಲೆ ಇರುವೆ ಇಲ್ಲ. ಚಿತ್ರ ಚೆನ್ನಾಗಿ ಬರುತ್ತದೆ, ಇಲ್ಲ ಚೌಕ ಚೌಕವಾಗಿ ಒಡೆಯುತ್ತದೆ, ಇಲ್ಲ ಬರುವುದೇ ಇಲ್ಲ. ಚೌಕ ಚೌಕವಾಗಿ ಒಡೆದು ದನಿ ತುಂಡಾಗುತ್ತಿದ್ದರೆ ಮೊದಲು ಹೊರಗಿನ ಕೇಬಲ್ ನೋಡಿಸಿ. ಮಳೆ ನೀರು ಜಾಯಿಂಟಿಗೆ ಇಳಿದಿರುತ್ತದೆ, ಇಲ್ಲ ಮಂಗ ಮಾಳಿಗೆ ಮೇಲೆ ವೈರು ಹಿಡಿದು ಜೋತಾಡಿರುತ್ತದೆ. ಮನೆಯೊಳಗೆ ನೀವು ನೋಡಬಹುದಾದದ್ದು ಒಂದೇ. ಬಾಕ್ಸಿನ ಹಿಂದೆ ತಿರುಗಿಸಿ ಹಾಕುವ ಪಿನ್ನು ಸಡಿಲ ಆಗಿದೆಯಾ? ಅದರ ನಡುವೆ ಒಂದು ತಾಮ್ರದ ಬಣ್ಣದ ಎಳೆ, ಸುತ್ತ ಬೆಳ್ಳಗಿನ ಜಾಲರಿ ಇರುತ್ತದೆ. ಜಾಲರಿಯ ಒಂದು ಕೂದಲೆಳೆ ನಡುವಿನ ತಂತಿಗೆ ತಾಗಿದರೂ ಚಿತ್ರ ಹೋಗುತ್ತದೆ. ಮಾಳಿಗೆ ಹತ್ತಬೇಡಿ. ಕರೆಂಟ್ ಕಂಬದ ಹತ್ತಿರದ ವೈರು ಮುಟ್ಟಬೇಡಿ. ಗುಡುಗು ಸಿಡಿಲು ಇದ್ದಾಗ ಯಾವ ವೈರನ್ನೂ ಮುಟ್ಟಬೇಡಿ. ಮಳೆ ಶುರುವಾಗುವ ಮೊದಲೇ ಪ್ಲಗ್ ಮತ್ತು ಕೇಬಲ್ ಎರಡನ್ನೂ ಬಿಚ್ಚಿಡುವುದು ಒಳ್ಳೆಯದು.

ಕೇಬಲ್ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಬಿಸಿಲಿನಲ್ಲಿ ಮಾಳಿಗೆ ಮಾಳಿಗೆ ಹತ್ತಿ ಇಳಿಯುವವರು ಅವರೇ. ಆದರೆ ಒಂದು ಗುಂಡಿ ಒತ್ತಿ 300 ರೂಪಾಯಿ ತೆಗೆದುಕೊಳ್ಳುವುದು, ಒಂದು ವೈರು ಬದಲಿಸಿ ನೋಡದೆ ಹೊಸ ಟಿವಿ ತನ್ನಿ ಅನ್ನುವುದು ಸರಿಯಲ್ಲ. 300 ರೂಪಾಯಿಗೆ ನಾನು ಎಷ್ಟು ಜಾಕೀಟು ಹೊಲಿಯಬೇಕು ಅಂತ ನನಗೆ ಗೊತ್ತಿದೆ.

ಹಾಗಾಗಿ ಕೇಬಲ್ ನಡೆಸುವವರನ್ನು ಒಂದು ಮಾತು ಕೇಳುತ್ತೇನೆ. ಬಾಕ್ಸ್ ಕೊಡುವಾಗ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಯಾವ ವೈರು ಯಾವ ತೂತಿಗೆ, ಸೋರ್ಸ್ ಗುಂಡಿ ಯಾವುದು, ಟಿವಿಯ ಮಾತು ಯಾವುದು, ಬಾಕ್ಸಿನ ಮಾತು ಯಾವುದು, ಇಷ್ಟು ಸಾಕು. ಫೋನ್ ಮಾಡಿದಾಗ ‘ಬರ್ತೀವಿ’ ಅನ್ನುವ ಬದಲು ‘ಮೆನು ಬರುತ್ತದಾ? ಬಾಕ್ಸಿನ ಲೈಟ್ ಹತ್ತಿದೆಯಾ?’ ಅಂತ ಎರಡು ಮಾತು ಕೇಳಿ. ಎಷ್ಟೋ ಮನೆಗೆ ನೀವು ಬರುವ ಕೆಲಸವೇ ಇರುವುದಿಲ್ಲ. ಪರದೆಯ ಮೇಲಿನ ಮಾತನ್ನು ಕನ್ನಡದಲ್ಲಿ ಬರೆಯಲು ಬಾಕ್ಸ್ ಮಾಡುವವರಿಗೆ ಕಷ್ಟವೇ? ‘ಹೊರಗಿನ ಕೇಬಲ್ ನೋಡಿ’ ಅಂತ ಬಂದರೆ ಮನೆಯ ಮಕ್ಕಳಾದರೂ ಓದಿ ಹೇಳುತ್ತಾರೆ. ಟಿವಿ ಅಂದರೆ ಬರೀ ಧಾರಾವಾಹಿ ಅಂತ ಕೆಲವರು ತಿಳಿದಿದ್ದಾರೆ. ಕೊರೊನಾ ಸಮಯದಲ್ಲಿ ನಮ್ಮ ಮಕ್ಕಳಿಗೆ ಪಾಠ ಬಂದಿದ್ದು ಚಂದನ ಚಾನೆಲ್‌ನಲ್ಲಿ. ಗೇಟ್ ಹೋದಾಗ ನಮ್ಮವ್ವ ಕಾದಿದ್ದೂ ಅದರ ಮುಂದೆಯೇ.

ನಿಮ್ಮಲ್ಲಿ ಒಂದು ಕೋರಿಕೆ. ಈ ಪತ್ರದ ಜೊತೆ ಒಂದು ಚಿತ್ರ ಕಳಿಸಿದ್ದೇನೆ. ಬಟ್ಟೆಯ ಅಳತೆ ತೆಗೆಯುವ ಖಾಕಿ ಕಾಗದದ ಮೇಲೆ ಟಿವಿಯ ಹಿಂಬದಿ, ಬಾಕ್ಸಿನ ಹಿಂಬದಿ ಎರಡನ್ನೂ ಬರೆದಿದ್ದೇನೆ. ನಿಮ್ಮ ಚಿತ್ರಕಾರರಿಂದ ಅದನ್ನು ಇನ್ನೂ ಚಂದ ಮಾಡಿಸಿ ಒಂದು ಮೂಲೆಯಲ್ಲಿ ಹಾಕಿ, ಜನ ಕತ್ತರಿಸಿ ಟಿವಿ ಹಿಂದೆ ಅಂಟಿಸಿಕೊಳ್ಳಲಿ. ಕಪ್ಪುಬಿಳುಪು ಪುಟದಲ್ಲಿ ಹಾಕುವುದಾದರೆ ಹಳದಿ, ಬಿಳಿ, ಕೆಂಪು ಅಂತ ಪ್ರತಿ ಪಿನ್ನಿನ ಪಕ್ಕ ಹೆಸರು ಬರೆಯುವುದನ್ನು ಮರೆಯಬೇಡಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಟೇಲರ್
ಗಂಗಾವತಿ, ಕೊಪ್ಪಳ ಜಿಲ್ಲೆ