ಗೆಳೆಯನ ಮಾತ್ರೆಯ ವಿಷಯವಾಗಿ

ಚಿರಂಜೀವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎರಡು ದಿನವಾಯಿತು. ಬೆನ್ನುನೋವಿಗೆಂದು ಶುರುವಾದ ಮಾತ್ರೆಯನ್ನು ನಿನ್ನ ಗೆಳೆಯ ನೋವು ಹೋದ ಮೇಲೂ ನುಂಗುತ್ತಿದ್ದಾನೆ, ಕೇಳಿದರೆ ಸಿಡುಕುತ್ತಾನೆ ಎಂದು ಬರೆದಿದ್ದೀಯ. "ಮನಸ್ಸು ಮಾಡಿದರೆ ಬಿಡಬಹುದಲ್ಲವೇ ದೊಡ್ಡಮ್ಮ?" ಎಂದು ಕೇಳಿದ್ದೀಯಲ್ಲ, ನನ್ನ ತಕರಾರು ಇರುವುದು ಆ ಮಾತಿನ ಮೇಲೆಯೇ. ವ್ಯಸನಮುಕ್ತಿ ವಾರ್ಡಿನಲ್ಲಿ ದಾದಿಯಾಗಿ ದುಡಿದ ಅಷ್ಟು ವರ್ಷಗಳಲ್ಲಿ ನಾನು ಕಂಡವರೆಲ್ಲ ಹತ್ತಾರು ಸಲ ಮನಸ್ಸು ಮಾಡಿ ಸೋತು ಬಂದವರೇ.

ಒಬ್ಬರು ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾರೆ. ಕುಡಿತ ನಿಲ್ಲಿಸಿ ಎರಡನೆಯ ದಿನ. ಕುಡಿಯಲು ನೀರು ಕೊಟ್ಟೆ. ಎರಡೂ ಕೈಯಲ್ಲಿ ಲೋಟ ಹಿಡಿದರೂ ನೀರೆಲ್ಲ ಅಂಗಿಯ ಮೇಲೆ ಚೆಲ್ಲಿತು. ರಾತ್ರಿ ಗೋಡೆಯ ತುಂಬ ಹುಳ ಹರಿಯುತ್ತಿವೆ ಎಂದು ಹೆದರಿ ಅತ್ತರು. ಮದ್ಯ ವರ್ಷಗಟ್ಟಲೆ ಅದುಮಿಟ್ಟಿದ್ದ ನರಮಂಡಲ ಒಮ್ಮೆಲೇ ಪುಟಿದೇಳುತ್ತದೆ. ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ದಿನವೂ ಮಿತಿಮೀರಿ ಕುಡಿಯುವವರಿಗೆ, ನಿದ್ದೆಮಾತ್ರೆಗೆ ಒಗ್ಗಿಹೋದವರಿಗೆ "ಇವತ್ತೇ ಬಿಟ್ಟುಬಿಡು" ಎನ್ನುವುದು ಉಪಕಾರವಾಗದು. ವೈದ್ಯರ ಕಣ್ಣೆದುರೇ ಬಿಡಿಸಬೇಕು.

ಅಮಲಿನ ವಸ್ತುಗಳೆಲ್ಲ ಒಂದೇ ಜಾತಿಯವೂ ಅಲ್ಲ. ಮದ್ಯ, ನಿದ್ದೆಮಾತ್ರೆಗಳು ನರಗಳನ್ನು ಮಂಕುಗೊಳಿಸಿದರೆ ನಿಕೋಟಿನ್, ಕೊಕೇನ್, ಆಂಫೆಟಮಿನ್ ಕೆರಳಿಸುತ್ತವೆ. ಎಲ್‌ಎಸ್‌ಡಿಯಂಥವು ಇಲ್ಲದ್ದನ್ನು ಕಾಣಿಸುತ್ತವೆ. ಗಾಂಜಾವನ್ನು "ಸೊಪ್ಪು ತಾನೇ" ಎಂದು ಹಗುರವಾಗಿ ಎಣಿಸಬೇಡ, ಅದನ್ನು ಬಿಡಲಾಗದೆ ಒದ್ದಾಡಿದವರನ್ನೂ ನೋಡಿದ್ದೇನೆ. ನಿನ್ನ ಗೆಳೆಯನ ಮಾತ್ರೆ ಟ್ರಮಡಾಲ್ ಎಂದೆಯಲ್ಲ, ಅದು ಅಫೀಮಿನ ಬಳಗ: ಮಾರ್ಫಿನ್, ಕೊಡೀನ್, ಹೆರಾಯಿನ್ ಇರುವ ಕಡೆಯದು. ವೈದ್ಯರು ಬರೆದುಕೊಟ್ಟರೆಂದ ಮಾತ್ರಕ್ಕೆ ಬಳಗ ಬದಲಾಗುವುದಿಲ್ಲ. ಹೆರಾಯಿನ್ ಕೂಡ 1898ರಲ್ಲಿ ಕೆಮ್ಮಿನ ಔಷಧವೆಂದೇ ಮಾರಾಟಕ್ಕೆ ಬಂದದ್ದು.

ಹಾಗೆಂದು ಈಗಲೇ ಅವನಿಗೆ ಚಟಗಾರನೆಂಬ ಹಣೆಪಟ್ಟಿ ಕಟ್ಟಬೇಡ. ಮನೋವೈದ್ಯರು ನೋಡುವ ಲಕ್ಷಣಗಳು 11 ಇವೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಸೇವಿಸುವುದು, ಬಿಡಲು ಹೋಗಿ ಸೋಲುವುದು, ಅದಕ್ಕಾಗಿ ಮನಸ್ಸು ಹಾತೊರೆಯುವುದು, ಕೆಲಸ ಕೆಡುವುದು, ಹಾನಿ ಗೊತ್ತಿದ್ದೂ ಮುಂದುವರಿಸುವುದು, ಹೀಗೆ. 12 ತಿಂಗಳಲ್ಲಿ ಎರಡು ಮೂರು ಕಂಡರೆ ಸೌಮ್ಯ, ಆರು ಅಥವಾ ಹೆಚ್ಚು ಕಂಡರೆ ತೀವ್ರ. ವೈದ್ಯರು ಹೇಳಿದಷ್ಟನ್ನೇ ನುಂಗುತ್ತಿರುವವನ ದೇಹ ಔಷಧಕ್ಕೆ ಒಗ್ಗಿತೆಂದು, ನಿಲ್ಲಿಸಿದಾಗ ಮೈಕೈ ಕಿತ್ತು ಬಂದಿತೆಂದು, ಅಷ್ಟಕ್ಕೇ ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನಗೆ ಹೆಚ್ಚು ಹೆದರಿಕೆ ಅವನು ಬಿಟ್ಟ ಮೇಲಿನ ದಿನಗಳದ್ದು. ಕೆಲವು ವಾರ ಬಿಟ್ಟರೆ ದೇಹ ಹಳೆಯ ಅಳತೆಯನ್ನು ಮರೆಯುತ್ತದೆ, ಆಸೆ ಮರೆಯುವುದಿಲ್ಲ. ಅಂಥವನು ಒಂದು ದಿನ ಮೊದಲಿನಷ್ಟೇ ನುಂಗಿದರೆ ಉಸಿರು ನಿಧಾನವಾಗುತ್ತಾ ನಿಂತೇಹೋಗಬಹುದು. ಜೊತೆಗೆ ಮದ್ಯ ಸೇರಿದರಂತೂ ಕೇಳಲೇ ಬೇಡ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ತುಟಿ ನೀಲಿಗಟ್ಟಿ, ಕರೆದರೂ ಓಗೊಡದೆ ಗೊರಗುಟ್ಟುತ್ತಿದ್ದರೆ "ಮಲಗಲಿ ಪಾಪ" ಎಂದು ಬಾಗಿಲು ಮುಂದೆ ಮಾಡಿ ಹೋಗಬೇಡ. ಆಂಬುಲೆನ್ಸ್ ಕರೆಸು, ಒಂದು ಮಗ್ಗುಲಿಗೆ ಮಲಗಿಸು, ಏನು ನುಂಗಿದ್ದಾನೆಂಬುದನ್ನು ಮುಚ್ಚಿಡದೆ ಹೇಳು. ನಲೋಕ್ಸೋನ್ ಎಂಬ ಔಷಧ ನಿಮಿಷಗಳಲ್ಲೇ ಉಸಿರು ಮರಳಿಸಬಲ್ಲದು. ಅದರ ಪ್ರಭಾವ ಇಳಿದಾಗ ಮತ್ತೆ ಉಸಿರು ಕುಗ್ಗಬಹುದಾದ್ದರಿಂದ, ಎಚ್ಚರವಾದನೆಂದು ಆಸ್ಪತ್ರೆ ತಪ್ಪಿಸಬಾರದು.

ಚಿಕಿತ್ಸೆ ಇದೆ. ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬವೂ ಅಫೀಮಿನ ಬಳಗದವೇ, ಆದರೆ ಹಾತೊರೆತ ತಗ್ಗಿಸಲು ವೈದ್ಯರು ಅಳತೆಯಲ್ಲಿ ಕೊಡುವ ಔಷಧಗಳು. ಅವುಗಳನ್ನು "ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸುವುದು" ಎಂದು ಜರೆಯುವವರ ಮಾತು ಕೇಳಬೇಡ. ಅವುಗಳ ಆಸರೆಯಿಂದ ಕೆಲಸಕ್ಕೆ, ಮನೆಗೆ, ಮಕ್ಕಳ ಬಳಿಗೆ ಮರಳಿದವರನ್ನು ನಾನೇ ಬಾಗಿಲವರೆಗೆ ಕಳಿಸಿಕೊಟ್ಟಿದ್ದೇನೆ.

ಅವನೊಡನೆ ಕುಳಿತಾಗ ಮಾತ್ರೆಯ ಲೆಕ್ಕ ಕೇಳಬೇಡ. "ರಾತ್ರಿ ನಿದ್ದೆ ಬರುತ್ತಿದೆಯೇನೋ?" ಎಂದು ಕೇಳು. ವಾರ್ಡಿನಲ್ಲಿ ಎಷ್ಟೋ ಜನ ಆ ಒಂದು ಪ್ರಶ್ನೆಗೇ ಬಾಯಿಬಿಟ್ಟಿದ್ದರು. ವೈದ್ಯರ ಬಳಿ ಹೋಗಲು ಒಪ್ಪಿದರೆ ನೀನೂ ಜೊತೆಗೆ ಹೋಗು. ಒಳಗೆ ಬರಬೇಡವೆಂದರೆ ಹೊರಗಿನ ಬೆಂಚಿನ ಮೇಲೆ ಕುಳಿತಿರು. ಏನಾಯಿತೆಂದು ನನಗೆ ಬರೆ.

ಇಂತಿ,
ನಿನ್ನ ದೊಡ್ಡಮ್ಮ