ಅಡ್ಮಿಟ್ ಆದ ಮೇಲೆ ಬರುವ ವಿಮೆ ಸಾಲದು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನ್ನ ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಅಂದರೆ ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟಿಕೊಂಡು ಮತ್ತೆ ಮತ್ತೆ ಸೋಂಕಾಗುವ, ತಿಂದದ್ದು ಸರಿಯಾಗಿ ಜೀರ್ಣವಾಗದ ಕಾಯಿಲೆ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಮಗುವಿಗೆ ಬರುವ ಕಾಯಿಲೆ ಇದು. ನಾವಿಬ್ಬರೂ ಆರೋಗ್ಯವಾಗಿಯೇ ಇದ್ದೆವು. ಅವಳು ಹುಟ್ಟುವವರೆಗೂ ನಮಗೆ ಸುಳಿವೇ ಇರಲಿಲ್ಲ.

ಬೆಳಗ್ಗೆ ಎದ್ದ ಕೂಡಲೇ ನೆಬ್ಯುಲೈಸರ್. ಆಮೇಲೆ ಅವಳನ್ನು ಮಗ್ಗುಲಾಗಿ ಮಲಗಿಸಿ, ಅಂಗೈಯನ್ನು ಬಟ್ಟಲಿನ ಹಾಗೆ ಮಡಚಿ, ಬೆನ್ನು, ಪಕ್ಕೆ ತಟ್ಟುತ್ತೇನೆ. ಒಳಗೆ ಅಂಟಿಕೊಂಡ ಕಫ ಸಡಿಲವಾದಾಗ ಕೆಮ್ಮಿನ ಸದ್ದೇ ಬದಲಾಗುತ್ತದೆ. ಆ ಸದ್ದು ಬರುವವರೆಗೂ ಕೈ ನಿಲ್ಲಿಸುವುದಿಲ್ಲ. ಪ್ರತಿ ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್ ಬೇಕು. ಇಲ್ಲದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಇದರಲ್ಲಿ ಒಂದಕ್ಕೂ ನಮ್ಮ ವಿಮೆ ದುಡ್ಡು ಕೊಡುವುದಿಲ್ಲ. ಸೋಂಕು ಜಾಸ್ತಿಯಾಗಿ ಅಡ್ಮಿಟ್ ಆದರೆ ಮಾತ್ರ ಕೊಡುತ್ತದೆ. ಶ್ವಾಸಕೋಶ ಹಾಳಾದ ಮೇಲೆ ಬಿಲ್ ಕಟ್ಟುತ್ತಾರೆ, ಹಾಳಾಗದ ಹಾಗೆ ನೋಡಿಕೊಳ್ಳಲು ಕಟ್ಟುವುದಿಲ್ಲ. ಇದು ಯಾವ ಲೆಕ್ಕ ಸ್ವಾಮಿ?

ಕೆಲಸ ಬದಲಾದಾಗ ಹಳೇ ಪಾಲಿಸಿ ಹೋಯಿತು. ಹೊಸ ವಿಮಾ ಕಂಪನಿಯವರು 'ಮೊದಲೇ ಇದ್ದ ಕಾಯಿಲೆ, ಕಾಯಬೇಕು' ಅಂದರು. ಆ ಸಮಯದಲ್ಲೇ ಮಗಳಿಗೆ ಜ್ವರ ಬಂತು. ಖರ್ಚಿಗೆ ಹೆದರಿ ಎರಡು ದಿನ ಆಸ್ಪತ್ರೆಗೆ ಹೋಗಲಿಲ್ಲ. ಆ ಎರಡು ದಿನವನ್ನು ನಾನು ಇನ್ನೂ ಮರೆತಿಲ್ಲ.

ಇದು ನನ್ನೊಬ್ಬಳ ಸಂಕಟ ಅಂದುಕೊಳ್ಳಬೇಡಿ. ಕೆನಡಾ ಮತ್ತು ಅಮೆರಿಕದ ಇದೇ ಕಾಯಿಲೆಯವರ ದಾಖಲೆಗಳನ್ನು ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 2009ರಿಂದ 2013ರ ಅವಧಿಯಲ್ಲಿ ಮಧ್ಯಮ ಆಯಸ್ಸು, ಅಂದರೆ ಅರ್ಧದಷ್ಟು ರೋಗಿಗಳು ದಾಟಬಹುದು ಅಂತ ಅಂದಾಜಿಸಿದ ವಯಸ್ಸು, ಕೆನಡಾದಲ್ಲಿ 50.9 ವರ್ಷ, ಅಮೆರಿಕದಲ್ಲಿ 40.6. ಹತ್ತು ವರ್ಷದ ಅಂತರ! ಕೆನಡಾದಲ್ಲಿ ಎಲ್ಲರಿಗೂ ಸರ್ಕಾರದ್ದೇ ಆರೋಗ್ಯ ವಿಮೆ. ಖಾಸಗಿ ವಿಮೆ ಇದ್ದ ಅಮೆರಿಕನ್ನರ ಜೊತೆ ಹೋಲಿಸಿದರೆ ಸಾವಿನ ಅಪಾಯದಲ್ಲಿ ಅಂತರ ಕಾಣಲಿಲ್ಲ. ವಿಮೆ ಇಲ್ಲದವರು ಅಥವಾ ಅದರ ಮಾಹಿತಿಯೇ ಸಿಗದವರ ಜೊತೆ ಹೋಲಿಸಿದರೆ ಕೆನಡಾದವರ ಅಪಾಯ ಶೇ. 77ರಷ್ಟು ಕಡಿಮೆ. ವಿಮೆಯೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕೆನಡಾದವರು ಕೊಬ್ಬಿನಂಶ ಜಾಸ್ತಿ ಇರುವ ಆಹಾರವನ್ನು ಮೊದಲೇ ಶುರು ಮಾಡಿದ್ದರು, ಶ್ವಾಸಕೋಶ ಕಸಿಯೂ ಅಲ್ಲಿ ಜಾಸ್ತಿ ಜನರಿಗೆ ಸಿಕ್ಕಿತ್ತು. ಆದರೆ ಒಂದೇ ಕಾಯಿಲೆ ಇದ್ದವರ ನಡುವೆ, ಯಾವ ವಿಮೆ ಇದೆ ಅನ್ನುವುದರ ಮೇಲೆ ಇಷ್ಟು ಅಂತರ ಕಂಡರೆ ಅದನ್ನು ಸುಮ್ನೆ ಬಿಡೋಕಾಗುತ್ತಾ?

2019ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಮೂರು ಔಷಧಿ ಸೇರಿದ ಮಾತ್ರೆ ಬಂತು. ಅದು ಹೊಂದುವವರಿಗೆ ಉಸಿರಾಟವೇ ಹಗುರವಾಗಿದೆ. ಆದರೆ ದಿನಾ ತಗೋಬೇಕು, ಮನೆಯಲ್ಲೇ ತಗೋಬೇಕು. ಅಡ್ಮಿಟ್ ಆದವರಿಗೆ ಮಾತ್ರ ಅನ್ನುವ ವಿಮೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಹುಟ್ಟಿನಿಂದ ಬಂದ ಕಾಯಿಲೆಗೆ ಕಾಯುವ ಅವಧಿ ತೆಗೆಯಿರಿ. ಕೆಲಸ ಬದಲಾದರೂ, ಮಕ್ಕಳು ದೊಡ್ಡವರಾದರೂ ವಿಮೆ ಒಂದು ದಿನವೂ ತಪ್ಪದಿರಲಿ. ದಿನನಿತ್ಯದ ಔಷಧಿ, ಫಿಸಿಯೋಥೆರಪಿ ಎರಡನ್ನೂ ಅದರಲ್ಲಿ ಸೇರಿಸಿ. ಇದನ್ನು ಯಾವಾಗ ಮಾಡುತ್ತೀರಿ ಅಂತ ದಯವಿಟ್ಟು ಲಿಖಿತವಾಗಿ ತಿಳಿಸಿ.

ಇಂತಿ,
ಒಬ್ಬ ತಾಯಿ